ಹದಿನೆಂಟಕ್ಕೆ ಬಿದ್ದವಳು

ನಮ್ಮಮ್ಮನ ಲೆಕ್ಕದಲ್ಲಿ ಯಾರಿಗೂ ವಯಸ್ಸು ತುಂಬುವುದಿಲ್ಲ, ಬೀಳುತ್ತದೆ. ಮಗು ಹುಟ್ಟಿ ವರ್ಷ ಕಳೆದ ಮಾರನೆಯ ದಿನವೇ ಅದಕ್ಕೆ ಎರಡು. “ಎರಡಕ್ಕೆ ಬಿತ್ತು” ಎನ್ನುತ್ತಾಳೆ, ಮುಗಿಯಿತು. ಕಳೆದ ವರ್ಷ ಕಳೆದೇ ಹೋಯಿತಲ್ಲ, ಅದನ್ನು ಕಟ್ಟಿಕೊಂಡು ಏನಾಗಬೇಕು, ಈಗ ಯಾವುದು ನಡೆಯುತ್ತಿದೆಯೋ ಅದೇ ವಯಸ್ಸು ಎಂಬುದು ಅವಳ ವಾದ. ಹಿಂದೊಮ್ಮೆ ನನ್ನ ಮದುವೆಯ ಮಾತಿಗೆ ಬಂದವರು “ಹುಡುಗಿಗೆ ಎಷ್ಟು?” ಎಂದು ಕೇಳಿದರು. ನನಗಾಗ ಇಪ್ಪತ್ತೊಂಬತ್ತು ತುಂಬಿ ವಾರವಾಗಿತ್ತಷ್ಟೆ. ಅಮ್ಮ ಒಂದು ಕ್ಷಣವೂ ಯೋಚಿಸದೆ “ಮೂವತ್ತು” ಅಂದುಬಿಟ್ಟಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದರು. ನಾನು ಕೂಗಾಡಿದ್ದಕ್ಕೆ, “ಸುಳ್ಳು ಹೇಳಿ ಮದುವೆ ಮಾಡ್ಲೇನೇ?” ಎಂದು ನನ್ನ ಮೇಲೇ ರೇಗಿದಳು. ಮದುವೆ ಆಮೇಲೂ ಆಗಲಿಲ್ಲ. ಆದರೆ ಆ ಕತೆ ಹೇಳಿಕೊಂಡು ನಮ್ಮ ಮನೆಯಲ್ಲಿ ಎಷ್ಟು ನಕ್ಕಿದ್ದೇವೆ! ಪುಟ್ಟಿಯಂತೂ ಸೆರಗನ್ನು ಅಜ್ಜಿಯ ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡು, “ಮೂವತ್ತಕ್ಕೆ ಬಿದ್ದಿದ್ದಾಳೆ ಕಣಪ್ಪಾ” ಎಂದು ದನಿ ನಡುಗಿಸಿ ಆಡಿ ತೋರಿಸುತ್ತಿದ್ದಳು. ಈಗ ಆ ಕತೆ ಯಾರೂ ಹೇಳುವುದಿಲ್ಲ.

ಪುಟ್ಟಿ ನನ್ನ ಅಣ್ಣನ ಮಗಳು. ಅಣ್ಣ ರಸ್ತೆಗೆ ಡಾಂಬರು ಹಾಕುವವನು. ರಸ್ತೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅವನ ಸಂಸಾರವೂ ಹೋಗುತ್ತಿತ್ತು. ಪುಟ್ಟಿ ಹುಟ್ಟಿದ್ದು ಅರ್ಧ ಹಾಕಿದ ರಸ್ತೆಯೊಂದರ ಪಕ್ಕದ ಗುಡಾರದಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ. ಹೆರಿಗೆ ಮಾಡಿಸಿದ್ದು ಅಮ್ಮ. ಹುಟ್ಟಿದ್ದನ್ನು ಬರೆಸಲು ಯಾವ ಕಚೇರಿಗೂ ಯಾರೂ ಹೋಗಲಿಲ್ಲ. ಗುಡಾರ ಕಿತ್ತರು, ಮುಂದಕ್ಕೆ ಹೋದರು. ಶಾಲೆಗೆ ಸೇರಿಸೋಣ ಎನ್ನುವಷ್ಟರಲ್ಲಿ ರಸ್ತೆ ಇನ್ನೊಂದು ಊರು ಮುಟ್ಟಿರುತ್ತಿತ್ತು. ಅಕ್ಷರವನ್ನು ಅವಳು ಸಿಮೆಂಟಿನ ಚೀಲಗಳ ಮೇಲೆ ಓದಿ ಕಲಿತಳು. ಅತ್ತಿಗೆ ಜ್ವರದಲ್ಲಿ ತೀರಿಕೊಂಡ ಮೇಲೆ ಅಣ್ಣ ಮಗಳನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟು, ಮತ್ತೆ ಡಾಂಬರಿನ ಹಿಂದೆ ಹೋದ. ಅಷ್ಟು ಹೊತ್ತಿಗೆ ಒಂದನೇ ತರಗತಿಯಲ್ಲಿ ಕೂರಿಸಿದರೆ ಮಿಕ್ಕ ಮಕ್ಕಳು ನಗುವಷ್ಟು ಉದ್ದ ಬೆಳೆದಿದ್ದಳು. ನಾನು ಬ್ರೆಡ್ಡು ಕಟ್ಟುವ ಬೇಕರಿಗೇ ಅವಳನ್ನೂ ಕರೆದುಕೊಂಡು ಹೋಗತೊಡಗಿದೆ.

ಬೇಕರಿಯ ಯಜಮಾನನಿಗೆ ನಾವು ಇಟ್ಟಿದ್ದ ಹೆಸರು ಬೆಣ್ಣೆ. ಬೇಕರಿಯಲ್ಲಿ ಬೆಣ್ಣೆ ಇತ್ತು ಅಂತಲ್ಲ, ಅಲ್ಲಿದ್ದದ್ದೆಲ್ಲ ಡಾಲ್ಡಾ. ಬೆಣ್ಣೆ ಇದ್ದದ್ದು ಅವನ ನಾಲಿಗೆಯ ಮೇಲೆ. ಯಾರ ಮೇಲೂ ಕೂಗಿದವನಲ್ಲ. “ಅಮ್ಮಾ, ತಾಯಿ, ಮಗಳೇ” ಎನ್ನುತ್ತಲೇ ಒಬ್ಬರಿಂದ ಇಬ್ಬರ ಕೆಲಸ ತೆಗೆಯುತ್ತಿದ್ದ. ಪುಟ್ಟಿ ಮೊದಲು ತಟ್ಟೆ ಕೆರೆಯುತ್ತಿದ್ದಳು, ಆಮೇಲೆ ಅಚ್ಚುಗಳಿಗೆ ಎಣ್ಣೆ ಸವರಿದಳು, ಆಮೇಲೆ ಹಿಟ್ಟಿಗೆ ಬೆರಳೊತ್ತಿ ಉಬ್ಬಿದೆಯೋ ಇಲ್ಲವೋ ಹೇಳುವಷ್ಟು ಕಲಿತಳು. ನನಗಿಂತ ಚುರುಕು. ಒಂದು ದಿನ ಸೀದಾ ಹೋಗಿ, “ಯಜಮಾನ್ರೇ, ನನ್ನೂ ಕಾಯಂ ಮಾಡಿ” ಎಂದು ಕೇಳಿದಳು. ಬೆಣ್ಣೆ ಅವಳ ತಲೆ ಸವರಿದ.

“ಮಾಡೋಣ ಮಗಳೇ. ಆದ್ರೆ ಹದಿನೆಂಟು ತುಂಬ್ಲಿ. ಬರೀ ನಡೀತಿದೆ ಅಂದ್ರೆ ಆಗಲ್ಲ, ತುಂಬ್ಬೇಕು. ಕಾನೂನು ಅಂತ ಒಂದಿದೆಯಲ್ಲ.”

ನಾನು ಪಕ್ಕದಲ್ಲೇ ಬ್ರೆಡ್ಡಿಗೆ ಕಾಗದ ಸುತ್ತುತ್ತಾ ನಿಂತಿದ್ದೆ. ನನ್ನ ಎರಡು ಕಿವಿಯಾರೆ ಕೇಳಿದ ಮಾತು ಇದು. ಪುಟ್ಟಿ ಮುಖ ಊದಿಸಿಕೊಂಡು ಬಂದಳು. “ಅತ್ತೇ, ಅಜ್ಜಿ ಬಂದು ಕೇಳಿದ್ದಿದ್ರೆ ಇಷ್ಟು ಹೊತ್ತಿಗೆ ನಾನು ಕಾಯಂ ಆಗಿರ್ತಿದ್ದೆ” ಎಂದಳು. ಇಬ್ಬರೂ ನಕ್ಕೆವು.

ಆ ಮಾತಾಡಿ ಒಂದು ತಿಂಗಳಾಗಿರಬೇಕು, ವ್ಯಾನಿನ ಡ್ರೈವರ್ ಯಾವುದೋ ಮಾತಿಗೆ ಸಿಟ್ಟಾಗಿ ಕೆಲಸ ಬಿಟ್ಟ. ಅಂಗಡಿಗಳಿಗೆ ಬೆಳಿಗ್ಗೆ ಬ್ರೆಡ್ಡು ಹೋಗಲೇಬೇಕು. ಪುಟ್ಟಿಗೆ ಅಂಗಳದಲ್ಲಿ ವ್ಯಾನನ್ನು ಹಿಂದೆ ಮುಂದೆ ಮಾಡಿ ಬಾಗಿಲಿಗೆ ತಂದು ನಿಲ್ಲಿಸುವಷ್ಟು ಬರುತ್ತಿತ್ತು. ಬೆಣ್ಣೆ ಕೀಲಿ ತಂದು ಅವಳ ಕೈಗಿಟ್ಟ.

“ಲೈಸೆನ್ಸ್ ಇಲ್ದೋಳ ಕೈಗೆ ಗಾಡಿ ಕೊಡ್ತೀರಲ್ಲ, ನಿಮ್ಗೇನಾದ್ರೂ ಬುದ್ಧಿ ಇದೆಯಾ?” ಎಂದು ನಾನು ಎಲ್ಲರೆದುರೇ ಕೇಳಿದೆ. ನನ್ನ ಬಾಯಿ ಮೊದಲಿಂದಲೂ ಹಾಗೇ.

“ನಾಲ್ಕು ಬೀದಿ ಕಣಮ್ಮಾ, ವಿಮಾನ ಓಡಿಸೋದಿಲ್ಲ. ಇವಳೇನು ಇನ್ನೂ ಚಿಕ್ಕ ಮಗೂನಾ? ಬೆಳೆದು ನಿಂತಿದ್ದಾಳೆ” ಎಂದ. ಕಾಯಂ ಕೆಲಸಕ್ಕೆ ಬೆಳೆಯದವಳು ಸ್ಟೇರಿಂಗಿಗೆ ಬೆಳೆದುಬಿಟ್ಟಿದ್ದಳು. ಪುಟ್ಟಿಯ ಮುಖ ನೋಡಬೇಕಿತ್ತು, ಯಾರೋ ಅವಳನ್ನು ಮೊದಲ ಸಲ ದೊಡ್ಡವಳು ಎಂದಿದ್ದರು.

ವಾರ ಚೆನ್ನಾಗೇ ಓಡಿಸಿದಳು. ಆಮೇಲೆ ಒಂದು ಬೆಳಿಗ್ಗೆ, ಸೈಕಲ್ ರಿಪೇರಿ ಅಂಗಡಿಯ ತಿರುವಿನಲ್ಲಿ, ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಬ್ರೇಕಿನ ಬದಲು ಇನ್ನೊಂದನ್ನು ಒತ್ತಿದಳು. ಅಂಗಡಿಯವನು ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ. ವ್ಯಾನು ಅವನನ್ನು ಗೋಡೆಗೆ ಒತ್ತಿ ನಿಂತಿತು. ಜನ ಓಡಿ ಬರುವ ಹೊತ್ತಿಗೆ ಪುಟ್ಟಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳಂತೆ. “ಅಣ್ಣಾ, ಎದ್ದೇಳಿ ಅಣ್ಣಾ” ಅನ್ನುತ್ತಿದ್ದಳಂತೆ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಅವನ ಪ್ರಾಣ ಹೋಗಿತ್ತು. ಅವಳದು ತಪ್ಪೇ ಅಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಒಂದು ಮನೆಯ ದೀಪ ಆರಿದೆ, ಅದನ್ನು ಮರೆಯುವಷ್ಟು ಕಲ್ಲು ನಾನಲ್ಲ.

ಪೊಲೀಸರು ಬಂದು ಕೇಳಿದಾಗ ಬೆಣ್ಣೆ ಹೇಳಿದ್ದೇನು ಗೊತ್ತೇ? “ಕೀಲಿ ಮೊಳೆಗೆ ನೇತು ಹಾಕಿದ್ದೆ. ಹುಡುಗಿ ತಾನೇ ತಗೊಂಡು ಹೋಗಿದ್ದಾಳೆ.” ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ. ಕೇಳಿಸಿಕೊಂಡವರು ಹತ್ತು ಜನ ಇದ್ದೆವು. ಉಳಿದವರಿಗೆಲ್ಲ ಮಾರನೆಯ ದಿನವೂ ಕೆಲಸಕ್ಕೆ ಬರಬೇಕಿತ್ತು, ಬಾಯಿಗೆ ಬೀಗ ಹಾಕಿಕೊಂಡರು. ಮಾತಾಡಿದವಳು ನಾನೊಬ್ಬಳೇ. ಆ ಸಂಜೆಯೇ ನನ್ನ ಏಪ್ರನ್ ಬಿಚ್ಚಿಸಿ ಮನೆಗೆ ಕಳಿಸಿದರು.

ನಮಗೆ ಸರ್ಕಾರದಿಂದ ಸಿಕ್ಕ ವಕೀಲೆ ಚಿಕ್ಕ ವಯಸ್ಸಿನವಳು, ಕರಿಕೋಟು ಅವಳಿಗಿಂತ ಒಂದು ಅಳತೆ ದೊಡ್ಡದು. ಆದರೆ ವಿಷಯ ಬಿಡಿಸಿ ಹೇಳಿದಳು. “ನೋಡಿ ಅಕ್ಕಾ, ಎಲ್ಲಾ ವಯಸ್ಸಿನ ಮೇಲೆ ನಿಂತಿದೆ. ಆ ದಿನ ಪುಟ್ಟಿಗೆ ಹದಿನೆಂಟು ತುಂಬಿರ್ಲಿಲ್ಲ ಅಂತಾದ್ರೆ ಅವಳನ್ನ ಮಕ್ಕಳ ನ್ಯಾಯಾಲಯಕ್ಕೆ ಕಳಿಸ್ತಾರೆ. ಜೈಲಿಲ್ಲ. ಗಾಡಿ ಮಗುವಿನ ಕೈಗೆ ಸಿಗೋ ಹಾಗೆ ಬಿಟ್ಟ ತಪ್ಪು ಯಜಮಾನನದ್ದಾಗುತ್ತೆ. ತುಂಬಿತ್ತು ಅಂತಾದ್ರೆ ಎಲ್ಲಾ ಇವಳ ತಲೆ ಮೇಲೆ, ಅವರು ಕೈ ತೊಳ್ಕೊಂಡು ಮನೆಗೆ ಹೋಗ್ತಾರೆ.”

“ತುಂಬಿಲ್ಲಮ್ಮಾ, ಇನ್ನೂ ಐದು ತಿಂಗಳಿದೆ” ಎಂದಳು ಅಮ್ಮ. “ಈ ಚಳಿ ಮುಗಿಯೋವಾಗ ತುಂಬುತ್ತೆ. ನನ್ನ ಕೈಯಲ್ಲೇ ಹುಟ್ಟಿರೋದು, ನಂಗೆ ಗೊತ್ತಿಲ್ವಾ?”

“ಹಾಗಾದ್ರೆ ನ್ಯಾಯಾಲಯದಲ್ಲೂ ಇದ್ದದ್ದು ಇದ್ದ ಹಾಗೆ ಹೇಳಿ ಅಜ್ಜಿ, ಸಾಕು.”

ಇದ್ದದ್ದು ಇದ್ದ ಹಾಗೆ ಹೇಳಲು ನಮ್ಮಮ್ಮನಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ, ನಮ್ಮ ಗ್ರಹಚಾರವೇ ಅದು.

ಈ ನಡುವೆ ನಾನು ಬೇರೆ ಕೆಲಸ ಹುಡುಕಲು ಹೋಗಿದ್ದಾಗ ಬೆಣ್ಣೆ ನಮ್ಮ ಮನೆಗೆ ಬಂದು ಹೋದ. ಬನ್ನಿನ ಪೊಟ್ಟಣ ತಂದಿದ್ದನಂತೆ. ಅಮ್ಮನ ಪಕ್ಕ ನೆಲದ ಮೇಲೇ ಕೂತನಂತೆ. ಅವಳ ಮಂಡಿನೋವು ವಿಚಾರಿಸಿದನಂತೆ, ಕಣ್ಣಲ್ಲಿ ನೀರು ತಂದುಕೊಂಡನಂತೆ. ಕೊನೆಗೆ ಏಳುವಾಗ, “ಪಾಪ, ಹುಡುಗೀಗೆ ಎಷ್ಟು ನಡೀತಿದೆ ಅಜ್ಜಿ ಈಗ?” ಎಂದು ಕೇಳಿದನಂತೆ.

“ನೀನೇನು ಹೇಳ್ದೆ?” ಎಂದೆ.

“ಏನು ಹೇಳೋದು, ಹದಿನೆಂಟಕ್ಕೆ ಬಿದ್ದಿದ್ದಾಳೆ ಅಂದೆ. ಇದ್ದದ್ದು ತಾನೆ?”

ಬನ್ನಿನ ಪೊಟ್ಟಣ ತೆಗೆದು ಬೀದಿಗೆ ಎಸೆದೆ. ಅನ್ನದ ವಸ್ತು ಎಸೀತೀಯಾ ಎಂದು ಅಮ್ಮ ಬೈದಳು. ವಕೀಲೆಗೆ ಹೇಳಿದೆ. “ಮನೇಲಿ ಹೇಳಿದ್ದಕ್ಕೆ ಬೆಲೆಯಿಲ್ಲ ಅಕ್ಕಾ, ನ್ಯಾಯಾಲಯದಲ್ಲಿ ತುಂಬಿರೋದನ್ನೇ ಹೇಳ್ಲಿ” ಎಂದಳು. ಅಮ್ಮನಿಗೆ ಮೂರು ದಿನ ಬಾಯಿಪಾಠ ಮಾಡಿಸಿದೆ. ತುಂಬಿದ್ದು ಎಷ್ಟಮ್ಮಾ? ಹದಿನೇಳು. ಮತ್ತೊಂದ್ಸಲ? ಹದಿನೇಳು ಕಣೇ, ಎಷ್ಟು ಸಲ ಕೇಳ್ತೀಯ, ನಂಗೇನು ಅರಳುಮರಳಾ?

ವಯಸ್ಸು ತೀರ್ಮಾನ ಮಾಡುವ ವಿಚಾರಣೆಯ ದಿನ ಮೊದಲು ವೈದ್ಯರನ್ನು ಕರೆದರು. ಪುಟ್ಟಿಯ ಕೈಮೂಳೆಯ ಎಕ್ಸ್‌ರೇ ತೆಗೆದಿದ್ದವರು. “ಹದಿನೇಳಕ್ಕೆ ಕಡಿಮೆ ಇಲ್ಲ, ಹತ್ತೊಂಬತ್ತಕ್ಕೆ ಹೆಚ್ಚಿಲ್ಲ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. ಅಣ್ಣ ಎರಡು ಬಸ್ಸು ಬದಲಾಯಿಸಿ ಬಂದಿದ್ದ. “ಅಮ್ಮನ್ನ ಕೇಳಿ, ಇದೆಲ್ಲಾ ನಂಗೇನು ಗೊತ್ತು” ಎಂದ. ಹೆತ್ತಪ್ಪ! ಆಮೇಲೆ ನಾನು. ಬೆಣ್ಣೆ ಹದಿನೆಂಟು ತುಂಬಲಿ ಅಂದದ್ದು, ಕೀಲಿ ಕೈಗಿಟ್ಟದ್ದು, ಒಂದೂ ಬಿಡದೆ ಹೇಳಿದೆ. ಬೆಣ್ಣೆಯ ವಕೀಲ ಕುರ್ಚಿಯಿಂದ ಪೂರ್ತಿ ಏಳಲೂ ಇಲ್ಲ. “ಹುಡುಗಿಗೆ ನೀವು ಏನಾಗ್ಬೇಕು?” ಎಂದ. ಸೋದರತ್ತೆ ಎಂದೆ. “ಕೆಲಸದಿಂದ ತೆಗೆದಿದ್ದಾರಲ್ವಾ?” ಎಂದ. ಹೌದೆಂದೆ. “ಅಷ್ಟೇ” ಎಂದು ಕೂತ. ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಅಮ್ಮನನ್ನು ಕರೆದರು. ಕಟಕಟೆಯ ಸರಳು ಹಿಡಿದು ನಿಂತಳು. ಹೆರಿಗೆ ಮಾಡಿಸಿದವಳು ನೀವೇನಾ ಎಂದು ಬೆಣ್ಣೆಯ ವಕೀಲ ಮೃದುವಾಗಿ ಕೇಳಿದ. ಯಜಮಾನನ ನಾಲಿಗೆಯನ್ನೇ ಬಾಡಿಗೆಗೆ ತಂದಿದ್ದ. ಎಷ್ಟು ಮಕ್ಕಳನ್ನು ಹೆರಿಗೆ ಮಾಡಿಸಿದ್ದೀರಿ ಎಂದ. ಲೆಕ್ಕವಿಟ್ಟಿಲ್ಲ ಎಂದಳು. ಎಲ್ಲರ ವಯಸ್ಸೂ ನೆನಪಿದೆಯಾ ಎಂದ. ಅಮ್ಮನ ಬೆನ್ನು ನೆಟ್ಟಗಾಯಿತು. “ಒಂದೂ ಮರೆತಿಲ್ಲ” ಎಂದಳು.

“ಹಾಗಾದ್ರೆ ಹೇಳಿ ಅಜ್ಜಿ, ಗಾಡಿ ಗುದ್ದಿದ ದಿನ ನಿಮ್ಮ ಮೊಮ್ಮಗಳಿಗೆ ಎಷ್ಟು ನಡೀತಿತ್ತು?”

ನಡೀತಿತ್ತು! ಮೂರು ದಿನ ನಾನು ತುಂಬಿದ್ದು ತುಂಬಿದ್ದು ಎಂದು ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದೆ, ಅವನು ತುಂಬಿದ್ದನ್ನು ಕೇಳಲೇ ಇಲ್ಲ. ಅಮ್ಮ ನನ್ನ ಕಡೆ ನೋಡಿದಳು. ನಾನು ಬೇಡ ಬೇಡ ಎಂದು ತಲೆಯಾಡಿಸಿದೆ. “ಸಾಕ್ಷಿ ಅತ್ತ ನೋಡಬಾರದು, ಕೇಳಿದ್ದಕ್ಕೆ ಉತ್ತರ ಹೇಳಿ” ಎಂದರು ನ್ಯಾಯಾಧೀಶರು. ಕೇಳಿದ್ದಕ್ಕೆ ಉತ್ತರ ಒಂದೇ ಇತ್ತು. ಅಮ್ಮ ಅದನ್ನೇ ಹೇಳಿದಳು.

“ಹದಿನೆಂಟು.”

ನ್ಯಾಯಾಧೀಶರು ಬೆರಳಚ್ಚಿನವನ ಕಡೆ ತಿರುಗಿ, “ಘಟನೆಯ ದಿನ ವಯಸ್ಸು ಹದಿನೆಂಟು ವರ್ಷ” ಎಂದು ಬರೆಸಿದರು. ನಡೆಯುವುದೂ ಇಲ್ಲ, ಬೀಳುವುದೂ ಇಲ್ಲ, ಬರೀ ಹದಿನೆಂಟು. ನಮ್ಮ ವಕೀಲೆ ಎದ್ದು, “ತುಂಬಿದ್ದೆಷ್ಟು ಅಂತ ಕೇಳ್ಬೇಕು ಸ್ವಾಮಿ” ಎಂದು ಕೂಗಿದಳು. ಹೊತ್ತಾಯಿತು, ಮುಂದಿನ ಸಲ ಕೇಳಿ ಎಂದು ನ್ಯಾಯಾಧೀಶರು ಎದ್ದರು.

ಆ ಮುಂದಿನ ಸಲ ಬರುವವರೆಗೆ ಅಮ್ಮ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಒಲೆಯ ಮುಂದೆ ಕೂತು, “ನಾನು ಸುಳ್ಳು ಹೇಳಿಲ್ಲ ಅಲ್ವೇನೇ?” ಎಂದು ಕೇಳುವಳು. ಇಲ್ಲಮ್ಮಾ ಎನ್ನುತ್ತಿದ್ದೆ. “ಮತ್ತೆ ಯಾಕೆ ಹೀಗಾಯ್ತು?” ಎನ್ನುವಳು. ನನಗೆ ಅವಳ ಮೇಲೂ ಸಿಟ್ಟಿತ್ತು, ಅದನ್ನೇಕೆ ಮುಚ್ಚಿಡಲಿ. ಆದರೆ ಆ ಮುಖ ನೋಡಿಕೊಂಡು ಬೈಯುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಮುಂದಿನ ಸಲ ಅಮ್ಮ ಕೇಳುವ ಮೊದಲೇ ಹೇಳಿದಳು. “ತುಂಬಿದ್ದು ಹದಿನೇಳು ಸ್ವಾಮಿ. ನಡೀತಿದ್ದದ್ದು ಹದಿನೆಂಟು. ಅವರು ನಡೀತಿದ್ದದ್ದು ಕೇಳಿದ್ರು, ಅದಕ್ಕೆ ಹಾಗಂದೆ.”

ಬೆಣ್ಣೆಯ ವಕೀಲ ಈ ಸಲ ಪೂರ್ತಿ ಎದ್ದು ನಿಂತ. “ಹೋದ ಸಲ ಹದಿನೆಂಟು, ಈ ಸಲ ಹದಿನೇಳು. ಇನ್ನೊಂದ್ಸಲ ಕರೆಸಿದ್ರೆ ತೊಟ್ಟಿಲಿಗೆ ಹಾಕ್ತೀರಾ ಅಜ್ಜಿ?”

ಇಡೀ ಕೋಣೆ ಘೊಳ್ಳೆಂದಿತು. ಬೆರಳಚ್ಚಿನವನು ನಕ್ಕ, ಬಾಗಿಲಲ್ಲಿದ್ದ ಪೇದೆ ನಕ್ಕ, ನ್ಯಾಯಾಧೀಶರು ಕನ್ನಡಕ ಒರೆಸುವ ನೆಪದಲ್ಲಿ ನಕ್ಕರು. ಪುಟ್ಟಿ ಮಾತ್ರ ತಲೆ ತಗ್ಗಿಸಿ ಉಗುರು ನೋಡುತ್ತಿದ್ದಳು. ನಮ್ಮ ಹಿಂದಿನ ಬೆಂಚಿನಲ್ಲಿದ್ದ ಸೈಕಲ್ ರಿಪೇರಿಯವನ ಹೆಂಡತಿಯೂ ನಗಲಿಲ್ಲ.

“ನಗ್ಬೇಡಿ!” ಎಂದಳು ಅಮ್ಮ. “ಸ್ವಾಮಿ, ನಿಮ್ಗೆ ಎಷ್ಟು ನಡೀತಿದೆ ಹೇಳಿ, ನಾನು ತುಂಬಿದ್ದು ಎಷ್ಟು ಅಂತ ಹೇಳ್ತೀನಿ. ಎರಡೂ ಒಂದೇನಾ?”

ನ್ಯಾಯಾಧೀಶರ ನಗು ನಿಂತಿತು. ಸಾಕ್ಷಿ ಮಿತಿಯಲ್ಲಿರಬೇಕು ಎಂದರು. ಸಂದೇಹ ಇದ್ದರೆ ಅದರ ಲಾಭ ಮಗುವಿಗೆ ಹೋಗಬೇಕು ಎಂದು ನಮ್ಮ ವಕೀಲೆ ಗಂಟಲು ಹರಿಯುವ ಹಾಗೆ ವಾದಿಸಿದಳು. ಸಂದೇಹ ಎಲ್ಲಿದೆ, ಹೆರಿಗೆ ಮಾಡಿಸಿದವಳೇ ಯಾರೂ ಹೇಳಿಕೊಡುವ ಮೊದಲು ತಾನಾಗಿ ಹೇಳಿದ ವಯಸ್ಸಿದು, ಆಮೇಲೆ ಹೇಳಿದ್ದು ಮೊಮ್ಮಗಳ ಮೇಲಿನ ಮಮತೆ ಎಂದು ನ್ಯಾಯಾಧೀಶರು ಬರೆದುಬಿಟ್ಟರು. ಹಿಟ್ಟು ಪೂರ್ತಿ ಉಬ್ಬುವ ಮೊದಲು ಒಲೆಗಿಟ್ಟರೆ ಗೋಳಾಡುತ್ತಿದ್ದ ನಮ್ಮ ಬೆಣ್ಣೆ, ಅಂದು ನ್ಯಾಯಾಧೀಶರಿಗೆ ಕೈಮುಗಿದು ಹೊರಗೆ ಹೋದ.

ಪುಟ್ಟಿಯನ್ನು ದೊಡ್ಡವರ ಜೈಲಿಗೆ ಸಾಗಿಸಿದರು. ಚಳಿ ಮುಗಿಯುವ ಹೊತ್ತಿಗೆ ಅಲ್ಲೇ ಅವಳಿಗೆ ನಿಜವಾಗಿ ಹದಿನೆಂಟು ತುಂಬಿತು. ನೋಡಲು ಹೋದಾಗ ಜಾಲರಿಯ ಆಚೆಯಿಂದ, “ಅತ್ತೇ, ಈಗ ಹೋಗಿ ಯಜಮಾನ್ರನ್ನ ಕೇಳು, ಕಾಯಂ ಮಾಡ್ತಾರಾ ಅಂತ” ಎಂದು ನಕ್ಕಳು. ಜೊತೆಯ ಹೆಂಗಸರು ಅವಳನ್ನು ಮಗು ಎಂದೇ ಕರೆಯುತ್ತಾರಂತೆ. ರಾತ್ರಿ ಬೆಚ್ಚಿ ಎದ್ದು “ಅಣ್ಣಾ ಎದ್ದೇಳಿ” ಎಂದು ಕೂಗುತ್ತಾಳೆಂದು ಅವರಲ್ಲೊಬ್ಬಳು ನನಗೆ ಹೇಳಿದಳು. ಪುಟ್ಟಿ ಹೇಳಲಿಲ್ಲ.

ತೀರ್ಪಿನ ದಿನ ಜನ ಹೆಚ್ಚಿದ್ದರು. ಸೈಕಲ್ ರಿಪೇರಿಯವನ ಹೆಂಡತಿ ನಮ್ಮ ಬೆಂಚಿನಲ್ಲೇ ಜಾಗ ಮಾಡಿಕೊಂಡು ಕೂತಳು. ನಾನು ಅವಳ ಕಡೆ ನೋಡಲು ಹೆದರುತ್ತಿದ್ದೆ. ಅವಳೇ ಮಾತಾಡಿದಳು. “ಈ ಹುಡುಗಿ ಓಡಿಹೋಗ್ಬಹುದಿತ್ತು, ಓಡ್ಲಿಲ್ಲ. ನಮ್ಮನೆಯವರ ತಲೆ ಹಿಡ್ಕೊಂಡು ಕೂತಿತ್ತು. ಗಾಡಿ ಯಾರದ್ದೋ ಅವರು ಇವತ್ತಿಗೂ ನನ್ನ ಕಡೆ ತಿರುಗಿ ನೋಡಿಲ್ಲ.” ಅಮ್ಮ ಅವಳ ಕೈ ಹಿಡಿದುಕೊಂಡಳು.

ನ್ಯಾಯಾಧೀಶರು ತುಂಬಾ ಹೊತ್ತು ಓದಿದರು. ನನಗೆ ಅರ್ಥವಾದದ್ದು ಕೊನೆಯದು. ಮೂರು ವರ್ಷ ಸಜೆ. ಪುಟ್ಟಿ ಅಳಲಿಲ್ಲ, ಯಾರಿಗೋ ಹೇಳಿದ್ದು ಎಂಬಂತೆ ನಿಂತಿದ್ದಳು. ಕೂಗಬೇಕೆಂದರೆ ದನಿಯೇ ಹೊರಡಲಿಲ್ಲ, ನನಗೆ!

ಎದ್ದು ನಿಂತವಳು ಅಮ್ಮ. ಮಂಡಿ ಹಿಡಿದುಕೊಂಡು ಬೆರಳಚ್ಚಿನವನ ಮೇಜಿನವರೆಗೆ ಹೋದಳು. ಅವಳ ಮುಖದಲ್ಲಿ ಆಸೆ ಇತ್ತು, ದೇವರಾಣೆಗೂ ಇತ್ತು, ನಾನು ಕಣ್ಣಾರೆ ನೋಡಿದೆ.

“ಮಗಾ, ಮೂರು ಅಂದ್ರಲ್ಲ ಸ್ವಾಮಿಗಳು. ತುಂಬಿದ ಮೂರಾ, ನಡೆಯೋ ಮೂರಾ?”

ಅವನಿಗೆ ಅರ್ಥವಾಗಲಿಲ್ಲ. ಅಮ್ಮ ಬಿಡಿಸಿ ಹೇಳಿದಳು. “ಎರಡು ತುಂಬಿ ಮೂರಕ್ಕೆ ಬಿದ್ದ ತಕ್ಷಣ ಬಿಡ್ತೀರಾ ಅಂತ. ಅವಳಿಗೆ ಹದಿನೆಂಟು ಹಿಡಿದ್ರಲ್ಲ, ಆ ಲೆಕ್ಕದಲ್ಲಿ.”

ಬೆರಳಚ್ಚಿನವನು ಕೆಟ್ಟವನಲ್ಲ. ತಗ್ಗಿದ ದನಿಯಲ್ಲಿ, ಮುದುಕಿಗೆ ತಿಳಿಯಲಿ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದ. “ಇಲ್ಲಾ ಅಜ್ಜಿ. ಹಾಗೆಲ್ಲಾ ಆಗಲ್ಲ. ಶಿಕ್ಷೆ ಅಂದ್ರೆ ಮೂರು ತುಂಬ್ಬೇಕು. ಒಂದು ದಿನಾನೂ ಕಮ್ಮಿ ಇರಬಾರ್ದು.”

ಅಮ್ಮ ನ್ಯಾಯಾಧೀಶರ ಕುರ್ಚಿಯ ಕಡೆ ತಿರುಗಿದಳು, ಅವರು ಅಷ್ಟರಲ್ಲಿ ಎದ್ದು ಒಳಗೆ ಹೋಗುತ್ತಿದ್ದರು.

“ಹಾಗಾದ್ರೆ ತುಂಬೋದು ಅಂದ್ರೆ ಏನು ಅಂತ ನಿಮ್ಗೂ ಗೊತ್ತಿತ್ತು” ಎಂದಳು.